ಪೂಜೆ ಮಾಡಿಸಿಕೊಂಡ ಟೈರುಗಳು

‘ಇನ್ನೂ ಹೊಸದು’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ಅಹಮದಾಬಾದಿನ ನಮ್ಮ ಕನ್ನಡದ ಮನೆಗಳಲ್ಲಿ ಈ ಮಾತು ಹೇಳದೆ ಯಾರೂ ಊರು ಬಿಡುವುದಿಲ್ಲ. ಇಲ್ಲಿರುವವರಲ್ಲಿ ಬಹಳ ಜನ ಕೇಂದ್ರ ಸರಕಾರದ ಸಂಶೋಧನಾಲಯಗಳಲ್ಲಿ ದುಡಿದವರು. ನಿವೃತ್ತಿಯಾಗಿ ಮೈಸೂರಿಗೋ ಧಾರವಾಡಕ್ಕೋ ಹೊರಟಾಗ ಮನೆಯ ಸಾಮಾನನ್ನೆಲ್ಲ ಉಳಿದ ಮನೆಗಳಿಗೆ ಹಂಚಿ ಹೋಗುತ್ತಾರೆ. ಕೊಡುವವರು ‘ಇನ್ನೂ ಹೊಸದು’ ಅನ್ನಬೇಕು, ತೆಗೆದುಕೊಳ್ಳುವವರು ‘ಅಯ್ಯೋ, ನಮಗೆ ಬೇಕೇ ಆಗಿತ್ತು’ ಅನ್ನಬೇಕು. ಬೇಡ ಅಂದವರನ್ನು ನಾನು ಇದುವರೆಗೆ ನೋಡಿಲ್ಲ. ಹೀಗಾಗಿ ನಮ್ಮ ಮಣಿನಗರದ ಫ್ಲ್ಯಾಟಿನ ಅಟ್ಟದ ಮೇಲೆ ತಿರುಗದ ಗ್ರೈಂಡರು, ಮುಚ್ಚಳವಿಲ್ಲದ ಇಡ್ಲಿ ಪಾತ್ರೆ, ಯಾರದೋ ಮಗನ ಕೇರಂ ಬೋರ್ಡು ಎಲ್ಲ ಇವೆ. ಅವನ್ನೆಲ್ಲ ನಾನು ಸಹಿಸಿಕೊಂಡೆ. ಇಡ್ಲಿ ಪಾತ್ರೆಯಿಂದ ಯಾರ ಜೀವವೂ ಹೋಗುವುದಿಲ್ಲ.

ಟೈರಿನ ವಿಷಯ ಹಾಗಲ್ಲ.

ಕಾರು ನನ್ನದು. ಕೆಂಪು ಬಣ್ಣದ್ದು, ಚಿಕ್ಕದು, ನೆಲಕ್ಕೆ ಹತ್ತಿರ ಕೂತದ್ದು, ಕಾಲಿಟ್ಟರೆ ಸಾಕು ಮುಂದೆ ಹಾರುವಂಥದ್ದು. ‘ಈ ವಯಸ್ಸಿಗೆ ಇದೇನೇ?’ ಎಂದು ನಮ್ಮವರು ಕೇಳಿದಾಗ, ‘ಈ ವಯಸ್ಸಿಗೇ ಬೇಕು’ ಎಂದು ನನ್ನ ಸಂಬಳದಲ್ಲೇ ತಂದೆ. ಅವರು ಸಂಶೋಧನಾಲಯದ ಬಸ್ಸಿನಲ್ಲಿ ಹೋಗಿಬರುವವರು, ಕಾರಿನ ಗೋಜಿಗೆ ಬಂದವರಲ್ಲ. ನಾನು ದಿನಾ ಬೆಳಗ್ಗೆ ಅದನ್ನೇ ಓಡಿಸಿಕೊಂಡು ವಟ್ವಾಕ್ಕೆ ಹೋಗುತ್ತೇನೆ. ಅಲ್ಲಿನ ಒಂದು ರಾಸಾಯನಿಕ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ನಾವು ತಯಾರಿಸುವುದು ರಬ್ಬರಿಗೆ ಬೆರೆಸುವ ಒಂದು ಕಂದು ಬಣ್ಣದ ವಸ್ತು. ಗಾಳಿ, ಬಿಸಿಲು ತಗುಲಿ ರಬ್ಬರು ಬೇಗ ಮುಪ್ಪಾಗದಂತೆ, ಬಿರಿಯದಂತೆ ತಡೆಯುವುದು ಅದರ ಕೆಲಸ. ಟೈರಿನೊಳಗೆ ಅದು ಇದ್ದೇ ಇರುತ್ತದೆ. ಕಾರು ನನ್ನದು, ರಬ್ಬರು ನನ್ನ ಅನ್ನ. ಇನ್ನು ಟೈರು ಆರಿಸುವ ಕೆಲಸ ಯಾರದಾಗಬೇಕು, ನೀವೇ ಹೇಳಿ.

ಹೋದ ವರ್ಷ ಮಳೆಗಾಲಕ್ಕೆ ಮೊದಲು ಹಳೆಯ ಟೈರುಗಳು ನುಣ್ಣಗಾಗಿದ್ದವು. ಆ ಹೊತ್ತಿಗೇ ಮಗಳ ಓದಿನ ಕೊನೆಯ ವರ್ಷವೂ ಶುರುವಾಗುವುದರಲ್ಲಿತ್ತು. ಅವಳು ವಡೋದರಾದಲ್ಲಿ ಓದುತ್ತಿದ್ದಳು. ಪ್ರಾಜೆಕ್ಟಿಗೆಂದು ಊರಾಚೆಯ ಕಾರ್ಖಾನೆಯೊಂದಕ್ಕೆ ದಿನಾ ಓಡಾಡಬೇಕಿತ್ತು. ಲೈಸೆನ್ಸು ಬಂದಿತ್ತು, ಕೈಯೂ ಪಳಗಿತ್ತು. ಕಾರನ್ನು ಅವಳಿಗೆ ಕೊಟ್ಟು ನಾನು ಕಂಪನಿಯ ಬಸ್ಸು ಹಿಡಿಯುವುದೆಂದು ತೀರ್ಮಾನವಾಯಿತು. ಅಂದರೆ ಈ ಸಲದ ಟೈರಿನ ಮೇಲೆ ಕೂತು ಹೋಗುವವಳು ಅವಳು. ವಡೋದರಾದ ಹೆದ್ದಾರಿಯಲ್ಲಿ ಲಾರಿಗಳ ನಡುವೆ, ಮಳೆಯಲ್ಲಿ, ಒಬ್ಬಳೇ.

ಆದ್ದರಿಂದ ಯಾವ ಟೈರನ್ನೂ ನಾನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಬಹಳ ದಿನ ಬಾಳುವ ಟೈರು ಬೇಕು ಎಂದು ಎಲ್ಲರೂ ಕೇಳುತ್ತಾರೆ. ಬಾಳಿಕೆ ಬರಲೆಂದು ರಬ್ಬರನ್ನು ಗಟ್ಟಿ ಮಾಡುತ್ತ ಹೋದರೆ ಒದ್ದೆ ರಸ್ತೆಯಲ್ಲಿ ಅದು ನೆಲ ಕಚ್ಚುವುದಿಲ್ಲ. ಬರೀ ಹಿಡಿತ ನೋಡಿಕೊಂಡು ಮೆತ್ತನೆಯದು ಹಾಕಿಸಿದರೆ ಅಹಮದಾಬಾದಿನ ಬಿಸಿಲಿಗೆ, ನನ್ನ ಕಾರಿನ ಓಟಕ್ಕೆ, ವರ್ಷ ಕಳೆಯುವುದರೊಳಗೆ ಸವೆದು ಕೂರುತ್ತದೆ. ನಮ್ಮ ಲ್ಯಾಬಿನಲ್ಲಿ ದಿನಾ ಇದೇ ಜಗಳ. ನಾನು ಓದಿದೆ, ಟೈರಿನವರಿಗೇ ರಬ್ಬರು ಮಾರುವ ಗೆಳತಿಯನ್ನು ಕೇಳಿದೆ, ಕೊನೆಗೆ ನಡುವಿನದೊಂದನ್ನು ಆರಿಸಿದೆ. ಮೊದಲು ನೀರಿನಲ್ಲಿ ನಿಲ್ಲಬೇಕು, ಅದಾದ ಮೇಲೆ ಎಷ್ಟು ಬಾಳುತ್ತದೋ ಬಾಳಲಿ.

ಮಣಿನಗರ ಸ್ಟೇಷನ್ನಿನ ಹತ್ತಿರದ ಟೈರಿನ ಅಂಗಡಿಗೆ ಹೋಗಿ ಇಂಥದೇ ಬೇಕು ಎಂದು ಹೇಳಿದೆ. ಅಂಗಡಿಯವನು ನನ್ನ ಮಾತೆಲ್ಲ ಕೇಳಿಸಿಕೊಂಡು, ನನ್ನ ಹೆಗಲಾಚೆ ಬಾಗಿಲ ಕಡೆ ನೋಡಿದ.

‘ಬೆನ್, ಸಾಹೇಬ್ ನಹೀ ಆಯೇ?’ ಅಕ್ಕಾ, ಸಾಹೇಬರು ಬಂದಿಲ್ಲವೇ ಎಂದು.

ಸಾಹೇಬರಿಗೆ ಸ್ಟೆಪ್ನಿ ಎಲ್ಲಿದೆ ಎಂಬುದೂ ಗೊತ್ತಿಲ್ಲ ಎಂದು ಹೇಳಬೇಕೆನಿಸಿತು. ಹಲ್ಲು ಕಚ್ಚಿಕೊಂಡು ಆರ್ಡರು ಕೊಟ್ಟು ಬಂದೆ. ಶನಿವಾರ ಬರುತ್ತದೆ ಅಂದ.

ಆ ವಾರದಲ್ಲೇ ಸೂರತ್ತಿನ ಉಧ್ನಾದಿಂದ ಕರೆ ಬಂತು. ಸೀರೆ ಪ್ರಿಂಟಿಂಗ್ ಯಂತ್ರಗಳಿಗೆ ರಬ್ಬರಿನ ರೋಲರು ಮಾಡುವ ಗಿರಾಕಿಯೊಬ್ಬರು, ನಿಮ್ಮ ಮಾಲು ಹಾಕಿದರೂ ರೋಲರು ಬಿರಿಯುತ್ತಿವೆ ಎಂದು ಕೂಗಾಡುತ್ತಿದ್ದರಂತೆ. ರಬ್ಬರಿನ ಗಡಸುತನ ಅಳೆಯುವ ಪುಟ್ಟ ಗೇಜನ್ನು ಕೈಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದೆ. ಅಲ್ಲಿ ನೋಡಿದರೆ ರೋಲರುಗಳನ್ನು ತಗಡಿನ ಚಾವಣಿಯ ಕೆಳಗೆ ಬಾಯ್ಲರಿನ ಪಕ್ಕ ಪೇರಿಸಿಟ್ಟಿದ್ದರು. ಕಾವಿಗೆ ರಬ್ಬರು ಕೂತಲ್ಲೇ ಮುದಿಯಾಗಿತ್ತು. ಬಳಸದೆ ಇಟ್ಟರೂ ಇದು ಹಾಳಾಗುತ್ತದೆ ಎಂದು ಅವರಿಗೆ ತಿಳಿಸಿ ಹೇಳಿದೆ, ಒಪ್ಪಿದರು. ಸಮಾಧಾನದಿಂದ ವಾಪಸು ಹೊರಟೆ.

ಶನಿವಾರ ಸಂಜೆ ಮಣಿನಗರ ಸ್ಟೇಷನ್ನಿನಿಂದ ಹೊರಗೆ ಬಂದರೆ ನಮ್ಮವರು ಕಾರಿನ ಪಕ್ಕ ನಿಂತಿದ್ದಾರೆ. ಎಂದೂ ಸ್ಟೇಷನ್ನಿಗೆ ಬಂದವರಲ್ಲ. ಮುಖದ ತುಂಬ ನಗು.

‘ಟೈರು ನೋಡೇ’ ಅಂದರು.

ನೋಡಿದೆ. ಕರ್ರಗೆ ಮಿರುಗುತ್ತಿದ್ದವು. ಹೊಸ ಟೈರಿನ ಮೇಲೆ ಇರುತ್ತದಲ್ಲ, ರಬ್ಬರಿನ ಸಣ್ಣ ಸಣ್ಣ ಕೂದಲು, ಅದೂ ಹಾಗೇ ಇತ್ತು. ಆದರೆ ನಾನು ಆರಿಸಿದ ಟೈರು ಅದಾಗಿರಲಿಲ್ಲ.

‘ಇವು ಎಲ್ಲಿಂದ ಬಂದ್ವು?’

‘ಸರ್ ಕೊಟ್ರು. ಇನ್ನೂ ಹೊಸದು!’

ಸರ್ ಎಂದರೆ ನಮ್ಮವರ ಹಿಂದಿನ ಮೇಲಧಿಕಾರಿ, ಕನ್ನಡದ ಮನೆಗಳಿಗೆಲ್ಲ ಹಿರಿಯರು. ಸಾಮಾನು ಕಟ್ಟಿ ಮೈಸೂರಿಗೆ ಹೊರಡುವುದರಲ್ಲಿದ್ದರು. ಅವರ ಬಳಿಯೂ ನನ್ನದೇ ಥರದ ಕಾರಿತ್ತು. ಆ ಅಳತೆಯ ಟೈರು ಮುಂದೆ ಸಿಗುವುದಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ, ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬರುವ ನಾಲ್ಕು ಟೈರು ಕೊಂಡು, ಕಾರಿನಲ್ಲಿದ್ದವು ಸವೆಯಲಿ ಎಂದು ಬಾಲ್ಕನಿಯಲ್ಲಿ ಇಟ್ಟುಬಿಟ್ಟಿದ್ದರು. ಅವರು ಕಾರು ತೆಗೆಯುತ್ತಿದ್ದದ್ದು ತರಕಾರಿ ಮಾರುಕಟ್ಟೆಗೆ, ರಾಜ್ಯೋತ್ಸವಕ್ಕೆ, ಇಷ್ಟೇ. ಅದು ಎಲ್ಲಿ ಸವೆಯಬೇಕು? ಕೊನೆಗೆ ಕಾರನ್ನು ಮಾರಿದರು, ಟೈರು ಉಳಿದವು. ಪಡುವಣ ದಿಕ್ಕಿನ ಬಾಲ್ಕನಿ ಅದು. ನಾನು ಅಲ್ಲಿ ಚಹಾ ಕುಡಿದಿದ್ದೇನೆ. ಮಧ್ಯಾಹ್ನದ ಮೇಲೆ ಅಲ್ಲಿ ಕೈಯಿಡುವ ಹಾಗಿರುತ್ತಿರಲಿಲ್ಲ.

ಬಗ್ಗಿ ಟೈರಿನ ಪಕ್ಕೆಯ ಮೇಲೆ ಅಚ್ಚಾದ ತಯಾರಿಕೆಯ ವಾರ, ವರ್ಷ ಓದಿದೆ. ಮಗಳು ಆಗ ಇನ್ನೂ ಹೈಸ್ಕೂಲಿನಲ್ಲಿದ್ದಳು.

‘ನಾ ಹೇಳಿದ್ದ ಟೈರು?’

‘ಅಂಗಡಿಯವನಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿಸ್ದೆ. ಪಾಪ, ಏನೂ ಅನ್ಲಿಲ್ಲ. ಅವನೇ ಹುಡುಗನ್ನ ಕಳಿಸಿ ಗಾಡಿ ತರಿಸಿಕೊಂಡು ಇವನ್ನ ಹಾಕಿಕೊಟ್ಟ.’

ಏನೂ ಅನ್ನಲಿಲ್ಲವಂತೆ! ನನ್ನ ಆರ್ಡರು ತೆಗೆದುಕೊಳ್ಳುವಾಗ ಸಾಹೇಬರು ಬರಬೇಕಿತ್ತು, ರದ್ದು ಮಾಡುವಾಗ ಅವರ ಒಂದು ಫೋನು ಸಾಕಾಯಿತು. ಸ್ಟೇಷನ್ನಿನ ಮುಂದೆ, ಆಟೋದವರು, ಗಂಟು ಹೊತ್ತವರು ಎಲ್ಲರೂ ತಿರುಗಿ ನೋಡುವಂತೆ ಕೂಗಿದೆ.

‘ಯಾರನ್ನ ಕೇಳಿ ಹಾಕಿಸಿದ್ರಿ? ಇವು ಮುದಿ ಆಗ್ಯಾವ! ಸೋಮವಾರ ಇದರ ಮ್ಯಾಲೆ ಮಗಳನ್ನ ಕಳಸ್ತೀರೇನು?’

‘ಒಂದು ಕಿಲೋಮೀಟರ್ ಕೂಡ ಓಡಿಲ್ಲ ಕಣೇ! ಮುದಿ ಹೇಗಾಗುತ್ತೆ?’

ಎಂ.ಎಸ್‌ಸಿ. ಮಾಡಿ ಇಷ್ಟು ವರ್ಷ ರಬ್ಬರಿನ ಮುಪ್ಪನ್ನೇ ಅಳೆದವಳಿಗೆ ಈ ಪ್ರಶ್ನೆ. ಮನೆಯವರೆಗೆ ನಾನೇ ಓಡಿಸಿದೆ, ಎತ್ತಿನ ಗಾಡಿಯ ಹಾಗೆ ನಿಧಾನವಾಗಿ.

ಮರುದಿನ ಭಾನುವಾರ ಸರ್ ಮತ್ತು ಅವರ ಹೆಂಡತಿಗೆ ನಮ್ಮ ಮನೆಯಲ್ಲಿ ಊಟ. ಊರು ಬಿಡುವವರನ್ನು ಪ್ರತಿ ಕನ್ನಡದ ಮನೆಯಲ್ಲೂ ಊಟಕ್ಕೆ ಕರೆಯುವುದು ನಮ್ಮಲ್ಲಿ ರೂಢಿ. ವಡೋದರಾದಿಂದ ಮಗಳೂ ಬಂದಿದ್ದಳು. ನಮ್ಮವರು ಬೆಳಗಿನಿಂದ ನನ್ನ ಹಿಂದೆ ಹಿಂದೆ ಸುತ್ತುತ್ತ, ‘ಅವರ ಮುಂದೆ ಏನೂ ಅನ್ಬೇಡ’ ಎಂದು ಕೇಳಿಕೊಂಡರು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಂದು ರೊಟ್ಟಿಗಳು ಬಹಳ ತೆಳ್ಳಗೆ ಬಂದವು.

ಸರ್ ಬಂದವರೇ ಟೈರು ನೋಡಬೇಕೆಂದರು. ಎಲ್ಲರೂ ಕೆಳಗೆ ಪಾರ್ಕಿಂಗಿಗೆ ಇಳಿದೆವು. ಅವರು ಟೈರಿನ ಮೇಲೆ ಕೈಯಾಡಿಸಿ ನನ್ನ ಮಗಳಿಗೆ ಹೇಳಿದರು:

‘ಇದು ಸವೆಯೋದೇ ಇಲ್ಲ ಪುಟ್ಟಾ. ನಿನ್ನ ಮದುವೆ ಆಗಿ, ಮಕ್ಕಳಾಗಿ, ಅವರನ್ನ ಸ್ಕೂಲಿಗೆ ಬಿಡೋವರೆಗೂ ಬರುತ್ತೆ.’

ನನ್ನಿಂದ ಆಗಲಿಲ್ಲ. ಕೈಚೀಲದಲ್ಲಿ ಗೇಜು ಇನ್ನೂ ಇತ್ತು. ತಂದು ಟೈರಿಗೆ ಒತ್ತಿದೆ. ಮುಳ್ಳು ಆ ಬದಿಗೆ ಹೋಗಿ ನಿಂತಿತು. ‘ನೋಡ್ರಿ ಸರ್, ಎಷ್ಟು ಗಟ್ಟಿಯಾಗ್ಯದ’ ಅಂದೆ.

ಸರ್ ಜೀವಮಾನವೆಲ್ಲ ಉಪಕರಣಗಳ ಜೊತೆ ಕಳೆದವರು. ಗೇಜನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

‘ಇದರ ಕ್ಯಾಲಿಬ್ರೇಷನ್ ಯಾವಾಗ ಆಗಿದ್ದಮ್ಮಾ?’

‘ಆಗ್ಯದ ಸರ್. ಈ ವಾರನ ಬಳಸೀನಿ.’

‘ಇರ್ಲಿ. ಗಟ್ಟಿ ಇದ್ರೆ ಒಳ್ಳೇದೇ ಅಲ್ವೇನಮ್ಮಾ? ಬಾಳಿಕೆ ಬರುತ್ತೆ.’

‘ಮಳ್ಯಾಗ ರಸ್ತೆ ಹಿಡಿಯೂದಿಲ್ಲ ಸರ್. ಬಿಸಿಲಾಗ ಓಡಿದ್ರ ಒಡೀತಾವ.’

ಅವರು ನಕ್ಕರು. ನಮ್ಮವರೂ ಸೇರಿಕೊಂಡು ನಕ್ಕರು. ಆ ನಗುವನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ‘ಅವಳಿಗೆ ಎಲ್ಲದ್ರಲ್ಲೂ ಲ್ಯಾಬೇ ಕಾಣುತ್ತೆ ಸರ್’ ಅಂದರು.

ಸರ್ ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಒಳ್ಳೆಯ ಹೆಂಗಸು. ನನ್ನ ಬಾಣಂತನದಲ್ಲಿ ಕಷಾಯ ಮಾಡಿ ತಂದುಕೊಟ್ಟವರು. ಮಾತು ಬಿಗಿಯಾಗುತ್ತಿದೆ ಅನ್ನಿಸಿತೇನೋ, ನನ್ನ ಕೈ ಹಿಡಿದು ಸಮಾಧಾನ ಹೇಳಿದರು.

‘ನೀನು ಯೋಚ್ನೆ ಮಾಡ್ಬೇಡ್ವೇ. ನಾನು ಚೆನ್ನಾಗಿ ನೋಡ್ಕೊಂಡಿದೀನಿ. ಪ್ರತಿ ಆಯುಧಪೂಜೆಗೂ ನಾಲ್ಕನ್ನೂ ಸೋಪು ಹಾಕಿ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಕುಂಕುಮ ಇಟ್ಟು ಪೂಜೆ ಮಾಡ್ತಿದ್ದೆ. ಅದೇನೋ ಕಂದುಬಣ್ಣದ ಕೊಳೆ ಬರೋದು ನೋಡು, ಎಷ್ಟು ಒರೆಸಿದ್ರೂ ಮತ್ತೆ ಮೇಲೆ ಬರೋದು. ನಾನೂ ಬಿಡ್ಲಿಲ್ಲ. ತಿಕ್ಕಿ ತಿಕ್ಕಿ ತೆಗೆದೆ.’

ಆ ಕಂದುಬಣ್ಣದ ಕೊಳೆ ಎಂದರೆ ವಟ್ವಾದಲ್ಲಿ ನಾವು ತಯಾರಿಸುವ ಅದೇ ವಸ್ತು. ರಬ್ಬರಿನ ಒಳಗಿನಿಂದ ಅದು ನಿಧಾನಕ್ಕೆ ಮೇಲಕ್ಕೆ ಬರುತ್ತದೆ, ಬಂದು ಮೈಮೇಲೆ ತೆಳ್ಳಗೆ ಹರಡಿಕೊಳ್ಳುತ್ತದೆ. ಟೈರನ್ನು ಗಾಳಿಯಿಂದ ಕಾಯುವುದೇ ಅದು. ಒರೆಸಿದರೆ ಮತ್ತಷ್ಟು ಬರುತ್ತದೆ, ಅದನ್ನೂ ಒರೆಸಿದರೆ ಮತ್ತಷ್ಟು, ಒಳಗೆ ಖಾಲಿಯಾಗುವವರೆಗೆ. ವರ್ಷವಿಡೀ ನನ್ನ ಕೈಯಲ್ಲಿ, ಉಗುರಿನಲ್ಲಿ, ಬಿಳಿ ಕೋಟಿನ ತೋಳಿನಲ್ಲಿ ಇರುವ ಬಣ್ಣ ಅದು. ಈ ತಾಯಿ ಪ್ರತಿ ಹಬ್ಬಕ್ಕೂ ಭಕ್ತಿಯಿಂದ ಅದನ್ನು ತಿಕ್ಕಿ ತೆಗೆದಿದ್ದರು. ಓಡದ ಟೈರಿಗೆ ಪೂಜೆ ಮಾಡುವ ಜನ ನಮ್ಮನ್ನು ಬಿಟ್ಟರೆ ಇನ್ನೆಲ್ಲೂ ಸಿಗಲಾರರು.

ಅಕ್ಕನ ಮುಖ ನೋಡಿ ಬಾಯಿಗೆ ಬಂದದ್ದನ್ನು ನುಂಗಿದೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಪಾಲಿನ ಸಿಟ್ಟೆಲ್ಲ ಪಕ್ಕದಲ್ಲಿ ನಿಂತಿದ್ದ ಇಬ್ಬರು ಗಂಡಸರ ಮೇಲೆ ತಿರುಗಿತು. ಊಟಕ್ಕೆ ಬಡಿಸಿದೆ, ಎಣ್ಣೆಗಾಯಿ ಚೆನ್ನಾಗಿದೆ ಎಂದದ್ದಕ್ಕೆ ತಲೆಯಾಡಿಸಿದೆ, ಅಕ್ಕನಿಗೆ ಅರಿಶಿನ ಕುಂಕುಮ ಕೊಟ್ಟು ಉಡಿ ತುಂಬಿ ಕಳಿಸಿದೆ. ಬಾಗಿಲು ಹಾಕಿಕೊಂಡ ಮೇಲೆ ಕೂಗಾಟ ಶುರುವಾಯಿತು.

‘ಅವರಿಗೆ ಬೇಜಾರಾಗುತ್ತೆ ಕಣೇ’ ಅಂದರು ನಮ್ಮವರು. ‘ಅಷ್ಟು ಪ್ರೀತಿಯಿಂದ ಕೊಟ್ಟಿದಾರೆ. ಸ್ವಲ್ಪ ದಿನ ಓಡಿಸಲಿ, ಆಮೇಲೆ ನೋಡೋಣ.’

‘ಏನ್ ನೋಡೋಣ? ನಿಮ್ಮ ಲ್ಯಾಬಿನ್ಯಾಗ ಅವಧಿ ಮುಗಿದ ರಬ್ಬರ್ ಸೀಲು ಬಂದ್ರ ಹಾಕ್ತೀರೇನು? ಇನ್ನೂ ಹೊಸದು, ಪ್ಯಾಕೆಟ್ ಒಡದಿಲ್ಲಾ ಅಂತ ಹಾಕ್ತೀರೇನು? ಹೇಳ್ರಿ!’

ಅವರಿಗೆ ಉತ್ತರ ಗೊತ್ತಿತ್ತು. ಉಪಕರಣದ ಸಂದುಗಳಿಗೆ ಬಿಗಿಯುವ ಅಂಥ ರಬ್ಬರ್ ಬಳೆಯನ್ನು ಅವರು ಕೈಯಲ್ಲೂ ಹಿಡಿಯದೆ ಕಸಕ್ಕೆ ಹಾಕಿಸುತ್ತಾರೆ.

‘ಅದು ಬೇರೆ’ ಅಂದರು.

‘ಹೌದು, ಬೇರೆ. ಅದು ಸರಕಾರದ್ದು. ಇಲ್ಲಿ ಕೂಡೂದು ಬರೇ ನಿಮ್ಮ ಮಗಳು!’

ಸೋಫಾದ ಮೇಲೆ ಮೊಬೈಲು ಹಿಡಿದು ಕೂತಿದ್ದ ಮಗಳು ಎದ್ದು ನಿಂತಳು. ಅವಳ ಕನ್ನಡ ಅಷ್ಟಕ್ಕಷ್ಟೆ. ಗುಜರಾತಿ ಗೆಳತಿಯರ ನಡುವೆ ಬೆಳೆದವಳು. ‘ಪಪ್ಪಾ, ಪ್ಲೀಸ್. ಮಮ್ಮಿ, ಚಲೋ’ ಎಂದು ಕೀ ತೆಗೆದು ನನ್ನ ಕೈಗಿಟ್ಟಳು. ನಮ್ಮವರು ಚಪ್ಪಲಿ ಹುಡುಕುತ್ತ ಹಿಂದೆಯೇ ಬಂದರು.

ಟೈರಿನ ಅಂಗಡಿ ತೆರೆದಿತ್ತು. ನಾನು ಆರಿಸಿದ ನಾಲ್ಕು ಟೈರೂ ಅಲ್ಲೇ ಗೋಡೆಗೆ ಒರಗಿದ್ದವು, ವಾಪಸು ಕಳಿಸಲು ಸೋಮವಾರದ ಟೆಂಪೋ ಕಾಯುತ್ತ. ಇವನ್ನು ಬಿಚ್ಚಿ ಅವನ್ನು ಹಾಕು ಅಂದೆ. ಅಂಗಡಿಯವನು ನನ್ನನ್ನು ದಾಟಿ ನಮ್ಮವರ ಕಡೆ ನೋಡಿದ.

‘ಸಾಹೇಬ್? ಕ್ಯಾ ಕರನಾ ಹೈ?’

ನಮ್ಮವರು ಬಾಯಿ ತೆರೆಯುವುದರೊಳಗೆ ಮಗಳು ಗುಜರಾತಿಯಲ್ಲಿ ಜೋರಾಗಿ ಹೇಳಿದಳು: ‘ಕಾಕಾ, ಮಮ್ಮೀನೇ ಪೂಛೋ. ಗಾಡಿ ಎಮ್ನೀ ಛೇ.’ ಅಮ್ಮನನ್ನು ಕೇಳಿ, ಗಾಡಿ ಅವರದು ಎಂದು. ಕಣ್ಣು ತುಂಬಿ ಬಂತು. ಸಿಟ್ಟು ಹಾಗೇ ಇತ್ತು.

ಬಿಚ್ಚಿದ ಟೈರುಗಳನ್ನು ಅಂಗಡಿಯವನು ಸವರಿ ನೋಡಿದ. ಹೊಸದೇ ಇವೆ, ನಾನೇ ಇಟ್ಟುಕೊಳ್ಳುತ್ತೇನೆ, ಬೇರೆ ಯಾರಿಗಾದರೂ ಆಗುತ್ತದೆ ಅಂದ. ಆಗ ನಮ್ಮವರ ಮುಖ ಅರಳಿತು.

‘ಹೌದಲ್ಲ, ಯಾರಿಗಾದ್ರೂ ಕೊಟ್ಬಿಡೋಣ. ಸುಮ್ನೆ ಯಾಕೆ ಹಾಳು ಮಾಡೋದು?’

ಇದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು. ನಮ್ಮ ಮಗಳಿಗೆ ಬೇಡವಾದದ್ದು ಇನ್ನೊಬ್ಬರ ಮಗಳಿಗೆ ಆಗಬಹುದು! ಒಂದು ಟೈರಿನ ಪಕ್ಕೆಯನ್ನು ಎರಡೂ ಕೈಯಿಂದ ಒತ್ತಿ ಬಗ್ಗಿಸಿದೆ. ಎಣ್ಣೆಯ ಮಿರುಗಿನ ಕೆಳಗೆ ಅಡಗಿದ್ದ ಬಿರುಕುಗಳು ಬಾಯಿಬಿಟ್ಟವು, ಬೇಸಿಗೆಯಲ್ಲಿ ಕೆರೆ ಒಣಗಿ ಮಣ್ಣು ಬಿರಿಯುವ ಹಾಗೆ. ಅಚ್ಚಾದ ಅಕ್ಷರಗಳ ಉದ್ದಕ್ಕೂ ಇದ್ದವು. ನಮ್ಮವರು ಬಗ್ಗಿ ನೋಡಿದರು. ಬೆರಳಿಟ್ಟು ನೋಡಿದರು.

‘ಕತ್ತರಿಸು’ ಎಂದು ಅಂಗಡಿಯವನಿಗೆ ಹೇಳಿದೆ. ಅವನು ಹಿಂದೆ ಮುಂದೆ ನೋಡಿದ. ಅವನ ಬೆಂಚಿನ ಮೇಲಿದ್ದ ಚೂರಿ ನಾನೇ ತೆಗೆದುಕೊಂಡೆ. ಆಗ ಗಾಬರಿಯಾಗಿ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ನಾಲ್ಕೂ ಟೈರಿನ ಪಕ್ಕೆ ಸೀಳಿದ. ಕೊನೆಯದು ಮುಗಿಯುವವರೆಗೂ ನಾನು ಅಲ್ಲಿಂದ ಅಲುಗಲಿಲ್ಲ.

ಮಗಳು ಸೋಮವಾರ ಬೆಳಗ್ಗೆ ಹೊರಟಳು. ಮೊದಲ ದೊಡ್ಡ ಮಳೆಯ ದಿನ ವಡೋದರಾದ ಹೊರಗೆ ಟ್ರ್ಯಾಕ್ಟರೊಂದು ಅಡ್ಡ ಬಂತಂತೆ. ಬ್ರೇಕು ಹಾಕಿದಳಂತೆ, ಕಾರು ನಿಂತಿತಂತೆ. ಊಟದಲ್ಲಿ ಏನಿತ್ತು ಎಂದು ಹೇಳಿದ ಹಾಗೆ ಫೋನಿನಲ್ಲಿ ಹೇಳಿದಳು.

ಅದೇ ವಾರ ಮೈಸೂರಿನಿಂದ ಸರ್ ಫೋನು ಮಾಡಿದರು. ನಮ್ಮವರು ಸ್ಪೀಕರಿನಲ್ಲಿ ಹಾಕಿ ಕುಶಲ ವಿಚಾರಿಸಿದರು. ಮಳೆ, ಬೆಳೆ, ಆರೋಗ್ಯ ಎಲ್ಲ ಆಯಿತು. ಕೊನೆಗೆ ಸರ್ ಕೇಳಿದರು.

‘ಟೈರು ಹೇಗಿದೆಯಪ್ಪಾ?’

ನಮ್ಮವರು ನನ್ನ ಕಡೆ ನೋಡಲಿಲ್ಲ. ‘ಸೂಪರ್ ಸರ್’ ಅಂದರು. ‘ಒಂಚೂರೂ ಸವೆದಿಲ್ಲ.’

ಅವರು ಬಿರುಕಿನೊಳಗೆ ಬೆರಳಿಟ್ಟು ನೋಡಿದ್ದನ್ನು ನಾನು ಕಂಡಿದ್ದೆ. ಟ್ರ್ಯಾಕ್ಟರಿನ ವಿಷಯ ಅವರಿಗೂ ಗೊತ್ತಿತ್ತು. ಆದರೂ ಸೂಪರ್ ಸರ್! ನಾನು ಅವರ ಕೈಯಿಂದ ಫೋನು ಕಸಿದುಕೊಂಡೆ.

‘ಸರ್, ನಾನು ಮಾತಾಡೂದು. ಆ ಟೈರು ಬಿಚ್ಚಿಸಿ ಕತ್ತರಿಸಿ ಹಾಕಸೇನಿ. ಒಳಗ ಎಲ್ಲಾ ಬಿರಿದಿದ್ವು. ಈಗ ಇರೂವು ನಾನು ಆರಿಸಿದ್ದು. ಮೊನ್ನೆ ಮಳ್ಯಾಗ ಮಗಳು ಬ್ರೇಕ್ ಹಾಕಿದಾಗ ಗಾಡಿ ನಿಂತಿದ್ದು ಅದಕ್ಕ.’

ಅಕ್ಕ ಏನೋ ಕೇಳುತ್ತಿದ್ದದ್ದು ದೂರದಿಂದ ಕೇಳಿಸಿತು. ಆಮೇಲೆ ಸರ್ ಗಂಟಲು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದಲೇ ಹೇಳಿದರು.

‘ಫೋನ್ ಸ್ವಲ್ಪ ಅವನ ಕೈಗೆ ಕೊಡಮ್ಮಾ.’

ನಾನು ಕೊಡಲಿಲ್ಲ.